ಸುಭಾನಸಾಬನ ಹದಿನಾರು

ಗುಳೇದಗುಡ್ಡದ ಟೇಲರ್ ಸುಭಾನಸಾಬನಿಗೆ ಹೆದರಿಕೆಯ ಕೊರತೆ ಯಾವತ್ತೂ ಇರಲಿಲ್ಲ. ಹಲ್ಲಿ, ಗುಡುಗು, ಸೀಲು ಹೊಡೆದ ಲಕೋಟೆ, ಗೊತ್ತಿಲ್ಲದ ನಂಬರಿನ ಫೋನು, ಎಲ್ಲಕ್ಕೂ ಭೇದವಿಲ್ಲದೆ ಹೆದರುತ್ತಿದ್ದ. ಎಲ್ಲಕ್ಕಿಂತ ಮೊದಲನೆಯ ನಂಬರು ಎತ್ತರದ್ದು. ತನ್ನದೇ ಮಾಳಿಗೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಎರಡು ಸಲ ಮಾತ್ರ ಕಂಡಿದ್ದ. ಇಷ್ಟು ಹೆದರುವ ಮನುಷ್ಯ ಒಂದು ಮಾತು ಆಡಲು ಮಾತ್ರ ಹೆದರುತ್ತಿರಲಿಲ್ಲ: "ನನಗ ಗೊತ್ತೈತಿ." ಹೆದರಬೇಕಾದ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಹೆದರಿದ್ದೇ ಅವನ ಗ್ರಹಚಾರವಾಯಿತು.

ಅವನ ಹೆಂಡತಿ ಶಹರಬಾನು ಮನೆಯ ಪಡಸಾಲೆಯಲ್ಲಿ ಎಂಟು ಹುಡುಗಿಯರಿಗೆ ಖಣದ ಕುಬಸ ಹೊಲಿಯುವುದನ್ನು ಕಲಿಸುತ್ತಿದ್ದಳು. ಮೊಣಕಾಲು ಸವೆದು, ಇನ್ನು ಕಾಲಿನಿಂದ ಮಷೀನು ತುಳಿಯಬೇಡ ಎಂದು ದವಾಖಾನೆಯಲ್ಲಿ ಹೇಳಿಬಿಟ್ಟಿದ್ದರು. ಮೋಟಾರಿನ ಮಷೀನು ತಂದರೆ ಹಗಲು ಹೊತ್ತು ಕರೆಂಟು ಕೈಕೊಡುತ್ತಿತ್ತು. ಅಷ್ಟರಲ್ಲಿ ಇಲಾಖೆಯವರ ಹೊಸ ಯೋಜನೆ ಬಂತು. ಓಣಿಯ ಏಳು ಮನೆಗೆ ಸೋಲಾರು ಮಂಜೂರಾಯಿತು. ಆರು ನೇಕಾರರವು, ಅವಕ್ಕೆ ಮಗ್ಗದ ಮೋಟಾರಿಗೆಂದು ದೊಡ್ಡ ಪ್ಯಾನೆಲ್ಲು. ಏಳನೆಯದು ಶಹರಬಾನುವಿನ ಹೊಲಿಗೆ ಕ್ಲಾಸಿನದು, ಸಣ್ಣವು ನಾಲ್ಕು. ನಾಲ್ಕು ಮಷೀನು ಒಟ್ಟಿಗೇ ಗುರ್ರೆಂದ ದಿನ ಶಹರಬಾನು ಮೊಣಕಾಲು ಮರೆತು ಕುಣಿಯುವುದೊಂದು ಬಾಕಿ.

ಪ್ಯಾನೆಲ್ಲು ಕೂಡಿಸಲು ಬಾಗಲಕೋಟೆಯಿಂದ ಬಂದವನು ಸಾಹಿಲ. ಏಳು ಮಾಳಿಗೆ ಹತ್ತಿ ಇಳಿಯುವುದರಲ್ಲಿ ಅವನಿಗೆ ನಾಲ್ಕು ಗಂಟೆ ಹೊಡೆಯಿತು, ಮುಂದಿನ ಕೆಲಸಕ್ಕೆ ಹೋಗುವ ಹುನಗುಂದದ ಬಸ್ಸು ಇನ್ನು ಐದು ನಿಮಿಷಕ್ಕಿತ್ತು. ಪ್ಯಾನೆಲ್ಲಿನ ಹಲಗೆಗಳನ್ನೆಲ್ಲ ಸದ್ಯಕ್ಕೆ ಸಪಾಟಾಗಿ ಮಲಗಿಸಿ ಕೆಳಗಿಳಿದು ಬಂದ.

"ಸಾಬರ, ಮುಖಾ ದಕ್ಷಿಣಕ್ಕ ಇಟ್ಟೇನಿ, ಅದನ್ನ ಮುಟ್ಟಬ್ಯಾಡ್ರಿ. ಹಿಂದಿನ ಕಾಲಿನ್ಯಾಗ ಸಾಲಕ ತೂತು ಅದಾವ. ಹಿಂದ ಎತ್ತಿ ಹದಿನಾರಕ್ಕ ಇಟ್ಟು ಬೋಲ್ಟ್ ಬಿಗೀರಿ. ನಮ್ಮ ಕಡಿಗೆ ಬಿಸಲಿಗೆ ಹದಿನಾರೇ ಬರೋಬ್ಬರಿ. ಉಳದ ಆರು ಮನಿಗೂ ನೀವ ಹೇಳಿಬಿಡ್ರಿ. ತಿಳೀತಲ್ಲ?"

ತಿಳಿಯಲಿಲ್ಲ ಎನ್ನಲು ಅದೇ ಸರಿಯಾದ ಗಳಿಗೆ. ಆದರೆ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು, ಎಂಟು ಹುಡುಗಿಯರು ಬಾಗಿಲಲ್ಲಿ ನಿಂತಿದ್ದರು, ಇಳಕಲ್ಲಿನಿಂದ ಬಂದ ಅತ್ತೆ ಮೌಲಾಬಿ ಹೊರಸಿನ ಮೇಲೆ ಕೂತು ಎಲೆ ಮಡಚುತ್ತ ಅಳಿಯನನ್ನೇ ನೋಡುತ್ತಿದ್ದಳು.

"ಏನ್ ಹೇಳ್ತಿ ಮಾರಾಯಾ," ಅಂದ ಸುಭಾನಸಾಬ. "ಮೂವತ್ತ ವರ್ಷ ಅಳತಿ ಹಿಡದ ಕೈ ಇದು. ನನಗ ಗೊತ್ತೈತಿ."

ಸಾಹಿಲ ಬಸ್ಸಿಗೆ ಓಡಿದ. ಸುಭಾನಸಾಬ ಕೊರಳಲ್ಲಿದ್ದ ಟೇಪನ್ನು ಎಳೆದು ನೋಡಿದ. ಅವನ ಜೀವಮಾನದಲ್ಲಿ ಅಳತೆ ಎಂದರೆ ಇಂಚು. ಎದೆ ಮೂವತ್ತಾರು ಎಂದರೆ ಇಂಚು, ತೋಳು ಒಂಬತ್ತು ಎಂದರೆ ಇಂಚು. ಹದಿನಾರು ಎಂದಾಗ ಅದು ಇನ್ನೇನಾದರೂ ಇರಬಹುದು ಎಂಬ ಅನುಮಾನ ಅವನ ಹತ್ತಿರಕ್ಕೂ ಸುಳಿಯಲಿಲ್ಲ.

ಅನುಮಾನ ಬರದಿದ್ದರೂ ಹೆದರಿಕೆ ಬಂತು. ಅಳತೆ ನನ್ನ ಕೈಯದು ಎಂದು ಹೇಳಿಯಾಗಿತ್ತು, ಈಗ ಬೇರೆಯವರನ್ನು ಮೇಲೆ ಕಳಿಸುವ ಹಾಗಿಲ್ಲ. ಅವನು ಬಿಸ್ಮಿಲ್ಲಾ ಎಂದು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಎರಡನೆಯದರಲ್ಲಿ ಕಣ್ಣು ಮುಚ್ಚಿದ. ಐದನೆಯದರಲ್ಲಿ ಏಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಹತ್ತು ನಿಮಿಷ ನಿಂತ.

"ಏನಾತೋ ಅಳಿಯಾ?" ಕೆಳಗಿನಿಂದ ಮೌಲಾಬಿ ಕೇಳಿದಳು.

"ಅಂದಾಜ್ ನೋಡಾಕತ್ತೇನ್ರಿ ಅಮ್ಮಿ," ಅಂದ.

ಮಾಳಿಗೆ ಮುಟ್ಟಿದವನು ಎದ್ದು ನಿಲ್ಲಲಿಲ್ಲ. ಮೊಣಕಾಲೂರಿ ಅಂಬೆಗಾಲಿಡುತ್ತ ಹೋಗಿ, ನಾಲ್ಕೂ ಹಲಗೆಯ ಹಿಂಭಾಗ ಎತ್ತಿ, ಟೇಪು ಹಿಡಿದು, ಹದಿನಾರು ಇಂಚು, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ, ಬೋಲ್ಟು ಬಿಗಿದ. ಇಳಿಯುವಾಗ ಪಕ್ಕದ ಮನೆಯ ನೇಕಾರ ಕಲ್ಲಪ್ಪ ಅವನ ಕಾಲು ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಟ್ಟುಕೊಟ್ಟ.

ನೆಲ ಸಿಕ್ಕ ಕೂಡಲೇ ಸುಭಾನಸಾಬನ ಮಾತು ಎತ್ತರಕ್ಕೆ ಹತ್ತಿತು. ಚಹಾದಂಗಡಿಯ ಮುಂದೆ ಆರೂ ಮನೆಯವರನ್ನು ಕೂಡಿಸಿಕೊಂಡು, "ಹದಿನಾರು! ಸೂರ್ಯ ಇರೂದು ಎಲ್ಲೆ, ನಾವು ಇರೂದು ಎಲ್ಲೆ, ಎಲ್ಲಾ ಲೆಕ್ಕಾ ಮಾಡಿದ್ರ ಹದಿನಾರ ಬರ್ತೈತಿ," ಅಂದ. ಲೆಕ್ಕ ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆರೂ ಮಂದಿ ಅವನ ಟೇಪನ್ನೇ ಎರವಲು ಒಯ್ದು ಹದಿನಾರಿಟ್ಟರು. ಮೂರು ದಿನ ಸುಭಾನಸಾಬ ಓಣಿಯಲ್ಲಿ ನಡೆದರೆ ಜನ ಎದ್ದು ನಿಂತು ಚಹಾ ಹೇಳುತ್ತಿದ್ದರು.

ಶನಿವಾರ ಭಾಗ್ಯಜ್ಯೋತಿ ಎಲ್ಲ ಕೆಡಿಸಿದಳು. ಪಿಯುಸಿ ಮುಗಿಸಿ ಹೊಲಿಗೆ ಕಲಿಯಲು ಬರುತ್ತಿದ್ದ ಹುಡುಗಿ. ಅಂದು ಹುನಗುಂದದಲ್ಲಿ ಅಕ್ಕನ ಸೀಮಂತ, ಬಸುರಿಗೆ ಉಡಿಸುವ ಖಣದ ಕುಬಸಕ್ಕೆ ಕಡೆಯ ಹುಕ್ಕು ಹಾಕುತ್ತ ಕೂತಿದ್ದಳು. ಸುಭಾನಸಾಬ ಅತ್ತೆಗೆ ತನ್ನ ಹದಿನಾರಿಂಚಿನ ಸಾಹಸವನ್ನು ನಾಲ್ಕನೆಯ ಸಲ ಹೇಳುತ್ತಿದ್ದ.

"ಕಾಕಾ, ಹದಿನಾರು ಇಂಚ ಅಲ್ರಿ ಅದು. ಹದಿನಾರು ಡಿಗ್ರಿ. ಓರೆ ಅಳಿಯೂದು ಡಿಗ್ರಿಲೆ."

"ಹೌದೌದು, ಅದನ್ನ ಹೇಳಾಕತ್ತೇನಿ," ಅಂದ ಸುಭಾನಸಾಬ. "ಇಂಚಿಗೂ ಡಿಗ್ರಿಗೂ ಏನ್ ಭಾಳ ಫರಕ್ ಇರೂದಿಲ್ಲಲ್ಲ?"

"ಸಂಬಂಧನ ಇಲ್ರಿ ಕಾಕಾ!"

ಅದೇ ಗಳಿಗೆಗೆ ಫೋನು ಬಡಿಯಿತು. ಸಾಹಿಲ.

"ಸಾಬರ, ಸೋಮವಾರ ಇಂಜಿನಿಯರ್ ಮ್ಯಾಡಮ್ ಬರ್ತಾರ, ಕಸ್ತೂರಿ ಮ್ಯಾಡಮ್. ಭಾಳ ಖಡಕ್. ಕೋನ ತಪ್ಪಿದ್ರ ಸಾಮಾನು ಬಿಚ್ಚಿಕೊಂಡ ಹೋಗ್ತಾರ. ಹ್ವಾದ ವಾರ ಪಟ್ಟದಕಲ್ಲಿನ ಕಡೆ ಒಬ್ಬರ ಮನೀದು ಲಾರಿಗೆ ಹಾಕ್ಕೊಂಡ ಹೋದ್ರು. ನಿಮ್ಮದೇನ್ ಚಿಂತಿಲ್ಲ ಬಿಡ್ರಿ, ನೀವು ತಿಳದವರು."

ಸುಭಾನಸಾಬ ಫೋನು ಇಟ್ಟು ತಲೆಯೆತ್ತಿದ. ಪಡಸಾಲೆಯಲ್ಲಿ ನಾಲ್ಕು ಮಷೀನು ಗುರ್ರೆನ್ನುತ್ತಿದ್ದವು, ಶಹರಬಾನು ಒಬ್ಬಳಿಗೆ ಕಂಕುಳ ಹೊಲಿಗೆ ತೋರಿಸುತ್ತ ನಗುತ್ತಿದ್ದಳು. ಆ ಮಷೀನು ನಿಂತರೆ ಅವಳು ಮತ್ತೆ ಆ ಮೊಣಕಾಲಲ್ಲೇ ತುಳಿಯುತ್ತಾಳೆ, ಬೇಡ ಎಂದರೆ ಕೇಳುವವಳಲ್ಲ. ಹಲ್ಲಿ, ಗುಡುಗು, ಲಕೋಟೆ ಎಲ್ಲ ಒಟ್ಟಿಗೆ ಬಂದಿದ್ದರೂ ಅವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಭಾಗ್ಯಜ್ಯೋತಿ ತನ್ನ ಹಳೆಯ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತೆಗೆದು ಕೊಟ್ಟಳು. "ಮೂಲ್ಯಾಗ ಇಟ್ಟು ನೋಡ್ರಿ ಕಾಕಾ, ಅದರ ಮ್ಯಾಲ ನಂಬರ ಅದಾವ," ಎಂದವಳೇ ಬಸ್ಸು ಹಿಡಿದಳು. ಬರುವುದು ಸೋಮವಾರ ಸಂಜೆಗೆ.

ಭಾನುವಾರ ಮುಂಜಾನೆ ಸುಭಾನಸಾಬ ಮತ್ತೆ ಮಾಳಿಗೆ ಹತ್ತಿದ. ಹಲಗೆ ಮತ್ತು ಮಾಳಿಗೆ ಕೂಡುವ ಮೂಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಆ ಅರ್ಧ ಚಂದ್ರದಂಥ ಪ್ಲಾಸ್ಟಿಕ್ಕನ್ನು ಇಟ್ಟ. ಕೋನಮಾಪಕ ಮಾಡಿದವರಿಗೆ ಏನು ಬುದ್ಧಿಯೋ, ಅದರ ಮೇಲೆ ಎರಡು ಸಾಲು ನಂಬರು ಬರೆದಿರುತ್ತಾರೆ. ಒಂದು ಎಡದಿಂದ ಏರುತ್ತದೆ, ಇನ್ನೊಂದು ಬಲದಿಂದ. ಶಾಲೆ ಬಿಟ್ಟು ನಲವತ್ತು ವರ್ಷವಾದ ಸುಭಾನಸಾಬ ಹೊರಗಿನ ಸಾಲನ್ನು ಓದಿದ. ಮತ್ತೆ ಓದಿದ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದ.

"ಯಾ ಅಲ್ಲಾ!" ಮಾಳಿಗೆಯಿಂದ ಕೇಳಿದ ಕೂಗಿಗೆ ಓಣಿಯ ಮಗ್ಗಗಳೆಲ್ಲ ನಿಂತವು. "ನೂರಾ ಅರವತ್ನಾಕು!"

ಕಲ್ಲಪ್ಪ ತನ್ನ ಮಾಳಿಗೆಯ ಮೇಲೆ ಬಂದು ನಿಂತ. "ಏನದು ನೂರಾ ಅರವತ್ನಾಕು?"

"ಹದಿನಾರು ಇರಬೇಕಾದ್ದು ಕಲ್ಲಪ್ಪಾ! ನೂರಾ ಅರವತ್ನಾಕು ಐತಿ!"

"ಹತ್ತಪಟ್ಟ ಜಾಸ್ತಿ ಆತಲ್ಲೋ ಸಾಬಾ!"

"ಹತ್ತಪಟ್ಟಿಗಿಂತಾ ನಾಕು ಜಾಸ್ತಿ!"

ಕೋನಮಾಪಕ ಕೈಯಿಂದ ಕೈಗೆ ಹೋಯಿತು. ಕಲ್ಲಪ್ಪ ತನ್ನ ದೊಡ್ಡ ಹಲಗೆಗೆ ಹಿಡಿದು ನೋಡಿ ಬೆಳ್ಳಗಾದ. ಅವನದು ನೂರಾ ಎಪ್ಪತ್ತು. ಓಣಿಯಲ್ಲಿ ಯಾರದ್ದೂ ನೂರಾ ಅರವತ್ತರ ಕೆಳಗೆ ಇರಲಿಲ್ಲ. ತಮ್ಮದು ಕಲ್ಲಪ್ಪನದಕ್ಕಿಂತ ನಾಲ್ಕು ಕಡಿಮೆ ಎಂದು ಕೊನೆಯ ಮನೆಯವರು ಸ್ವಲ್ಪ ಸಮಾಧಾನಪಟ್ಟುಕೊಂಡರು, ಅದನ್ನು ಕೇಳಿ ಕಲ್ಲಪ್ಪನ ಹೆಂಡತಿ ಇಂದ್ರವ್ವನಿಗೆ ಮೈಯೆಲ್ಲ ಉರಿಯಿತು.

"ಆ ಸಾಬನ ಮಾತ ಕೇಳಿ ಹಾಳಾದಿವಿ! ಜಂಪರಿಗೆ ಗುಂಡಿ ಹಚ್ಚಾಂವಾ ಸೂರ್ಯನ ಅಳತಿ ತಗೊಂಡ್ರ ಇನ್ನೇನಾಕ್ಕೈತಿ? ನಾಳೆ ಆಕಿ ಬಂದು ಬಿಚ್ಚಿಕೊಂಡ ಹೋದ್ರ ಮಗ್ಗಾ ನಿನ್ನ ಟೇಪಿನ್ಲೆ ಓಡಸ್ತೀಯೇನೋ ಸುಭಾನ್ಯಾ?"

ಸುಭಾನಸಾಬ ಮಾಳಿಗೆಯ ಮೇಲೆ ಮಲಗಿದ್ದವನು ಮಲಗಿದ್ದಲ್ಲೇ, "ಇಲ್ರೆವ್ವಾ," ಅಂದ.

ಅವನನ್ನು ಇಳಿಸಿದ ಮೇಲೆ ಚಹಾದಂಗಡಿಯ ಮುಂದೆ ಸಭೆ ಸೇರಿತು. ನೂರಾ ಅರವತ್ನಾಲ್ಕರಲ್ಲಿ ಹದಿನಾರು ಕಳೆದರೆ ನೂರಾ ನಲವತ್ತೆಂಟು. ಅಷ್ಟನ್ನು ಇಳಿಸಬೇಕು. ಆದರೆ ಹಲಗೆಯನ್ನು ಎಷ್ಟು ಇಳಿಸಿದರೂ ಅದು ಮಾಳಿಗೆಗೆ ತಾಗಿ ನಿಲ್ಲುತ್ತದೆ. ಮುಂದೆ ಇಳಿಸಬೇಕೆಂದರೆ ಮಾಳಿಗೆ ಒಡೆಯಬೇಕು.

"ಮಾಳಗಿ ಒಡಿಯೂದು ಬ್ಯಾಡ," ಅಂದ ಕಲ್ಲಪ್ಪ, ಬಹಳ ಹೊತ್ತು ವಿಚಾರ ಮಾಡಿ. "ಬೋರಲ ಹಾಕಿದ್ರ ಆತು."

ಎಲ್ಲರೂ ಅವನನ್ನು ನೋಡಿದರು.

"ಕೆಲವೊಂದ ಡಿಸೈನ್ ನಾವು ಮಗ್ಗದ ಮ್ಯಾಲ ಉಲ್ಟಾ ನೇಯ್ತೀವೋ ಇಲ್ಲೋ? ನೇಯುವಾಗ ಬಣ್ಣದ ಮುಖಾ ಕೆಳಗ ಇರ್ತೈತಿ. ಬಟ್ಟಿ ಕೆಡ್ತೈತೇನ? ಹಂಗ ಇದೂ. ಕೋನ ಜಾಸ್ತಿ ಆಗಿದ್ದು ಬೋರಲ ಹಾಕಿದ ಕೂಡಲೆ ಹೊಳ್ಳಿ ಕಡಿಮಿ ಆಕ್ಕೈತಿ."

ನೇಕಾರರಿಗೆ ಇದು ನೂರಕ್ಕೆ ನೂರು ಒಪ್ಪಿಗೆಯಾಯಿತು. ಅವರ ತಂದೆ, ಅಜ್ಜ, ಮುತ್ತಜ್ಜ ಉಲ್ಟಾ ನೇಯ್ದು ಬದುಕಿದವರು, ಸೂರ್ಯ ಅದಕ್ಕೆ ಹೊರತಾಗಲು ಕಾರಣವೇ ಕಾಣಲಿಲ್ಲ. ಆರೂ ಮನೆಯವರು ಬೋಲ್ಟು ಬಿಚ್ಚಿ, ಹಲಗೆಗಳನ್ನು ಹಣೆ ನೆಲಕ್ಕೆ ಹಚ್ಚಿ ಮಲಗಿಸಿ, ಸಂಜೆಯೊಳಗೆ ಮತ್ತೆ ಬೋಲ್ಟು ಬಿಗಿದರು.

ಉಳಿದದ್ದು ಸುಭಾನಸಾಬನದು. ಅವನೂ ಏಣಿಯ ಬುಡಕ್ಕೆ ಬಂದ. ಒಂದು ಮೆಟ್ಟಿಲು ಹತ್ತಿದ, ಎರಡು, ಮೂರು. ಅಲ್ಲಿ ಕಾಲುಗಳೆರಡೂ ಮುಂದಕ್ಕೆ ಬರುವುದಿಲ್ಲ ಎಂದುಬಿಟ್ಟವು. ಒಂದು ದಿನದಲ್ಲಿ ಎರಡು ಸಲ ಹತ್ತುವ ಕರಾರು ಅವಕ್ಕೆ ಇರಲಿಲ್ಲ.

"ಹೊಟ್ಟಿ ನೋವು," ಅಂದ ಕಲ್ಲಪ್ಪನಿಗೆ. "ನಾಳೆ ಮುಂಜಾನೆ ಬೋರಲ ಹಾಕ್ತೇನಿ."

ಮುಂಜಾನೆ ಎದ್ದು ಹೊಟ್ಟೆನೋವಿಗೇ ಜ್ವರದ ಬಡ್ತಿ ಕೊಟ್ಟು ಚಾದರ ಹೊದ್ದ. ಮೌಲಾಬಿ ಹಣೆ ಮುಟ್ಟಿ ನೋಡಿ, "ಐಸಿನಂಗ ತಣ್ಣಗದಾನ," ಎಂದು ಮಗಳಿಗೆ ವರದಿ ಒಪ್ಪಿಸಿದಳು. ಶಹರಬಾನು ಮಷೀನುಗಳ ಮೇಲಿನ ಧೂಳನ್ನು ಒಂದೊಂದಾಗಿ ಒರೆಸುತ್ತಿದ್ದಳು, ಬೀಳ್ಕೊಡುವ ಹಾಗೆ ಒರೆಸುತ್ತಿದ್ದಳು. ಚಾದರದ ಸಂದಿಯಿಂದ ಅದನ್ನು ನೋಡಿ ಸುಭಾನಸಾಬನಿಗೆ ಅಳು ಬಂತು.

ಹತ್ತು ಗಂಟೆಗೆ ಜೀಪು ಬಂತು. ಹಿಂದೆ ಒಂದು ಲಾರಿಯೂ ಬಂತು. ಲಾರಿ ಖಾಲಿ ಇದ್ದುದನ್ನು ಕಂಡು ಓಣಿಯವರು ಅದರಲ್ಲಿ ಎಷ್ಟು ಹಲಗೆ ಹಿಡಿಸಬಹುದೆಂದು ಲೆಕ್ಕ ಹಾಕಿದರು. ಕಸ್ತೂರಿ ಮ್ಯಾಡಮ್ ಕೈಯಲ್ಲಿ ಕೋನ ಅಳೆಯುವ, ಬೆಂಕಿಪೆಟ್ಟಿಗೆಯಷ್ಟೇ ಇರುವ ಯಂತ್ರ ಹಿಡಿದು, ಮೊದಲ ಮನೆ ಕಲ್ಲಪ್ಪನದು, ಅದರ ಮಾಳಿಗೆ ಹತ್ತಿದರು. ಅಲ್ಲಿಂದಲೇ ಉಳಿದ ಐದು ಮಾಳಿಗೆಗಳನ್ನೂ ನೋಡಿದರು.

"ಇವೆಲ್ಲಾ ಯಾಕ ಬೋರಲ ಮಲಗ್ಯಾವ?"

ಕಲ್ಲಪ್ಪ ಕೈಮುಗಿದ. "ಕೋನ ಕಡಿಮಿ ಮಾಡೇವ್ರಿ ಮ್ಯಾಡಮ್. ನೂರಾ ಎಪ್ಪತ್ತ ಇತ್ತು."

"ಕರೆಂಟ್ ಬರ್ತೈತೇನು?"

"ಇಲ್ರಿ, ಮುಂಜಾನಿಂದ ಬಂದಿಲ್ಲ. ಇನ್ನೂ ಹೊಂದಿಕೊಳ್ಳಾಕತ್ತಿರಬೇಕ್ರಿ."

ಕಸ್ತೂರಿ ಮ್ಯಾಡಮ್ ಕಣ್ಣು ಮುಚ್ಚಿ ತೆರೆದರು. "ಯಾರು ಹೇಳಿದ್ರು ಇದನ್ನ?"

ಉಲ್ಟಾ ಹಾಕುವ ಉಪಾಯ ಕಲ್ಲಪ್ಪನದೇ ಆಗಿತ್ತು. ಆದರೆ ಅಂಥ ಹೊತ್ತಿನಲ್ಲಿ ಮನುಷ್ಯನ ತೋರುಬೆರಳು ತನ್ನ ಕಡೆ ತಿರುಗುವುದಿಲ್ಲ. ಓಣಿಯ ಬೆರಳುಗಳೆಲ್ಲ ಒಂದೇ ಮನೆಯ ಕಡೆ ತಿರುಗಿದವು. "ಸುಭಾನಸಾಬನ ನಮಗೆಲ್ಲಾ ಗುರು ರೀ," ಎಂದು ಇಂದ್ರವ್ವ ಆರು ಮನೆಯ ಪರವಾಗಿ ಹೇಳಿದಳು.

ಚಾದರದೊಳಗಿನ ಗುರು ಮಂಚದ ಕೆಳಗೆ ಹೊಕ್ಕ. ಅಲ್ಲಿಂದ ಅವನಿಗೆ ಏಣಿ ಕಿರುಗುಟ್ಟುವುದು ಕೇಳಿತು. ತಲೆಯ ಮೇಲೆ ಬೂಟಿನ ಸಪ್ಪಳ ಕೇಳಿತು, ಅತ್ತ ಹೋಯಿತು, ಇತ್ತ ಬಂತು, ನಿಂತಿತು.

"ಸುಭಾನಸಾಬರನ್ನ ಮ್ಯಾಲ ಕಳಸ್ರಿ!"

ಶಹರಬಾನು ಮಂಚದ ಕೆಳಗೆ ಬಗ್ಗಿ ನೋಡಿದಳು. "ಬರ್ರಿ," ಅಂದಳು ಮೆಲ್ಲಗೆ. "ನಾ ಏಣಿ ಹಿಡೀತೇನಿ."

ಅವನು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಅಧಿಕಾರಿಯ ಹೆದರಿಕೆ ಕೆಳಗಿನಿಂದ ನೂಕಿತು, ಎತ್ತರದ ಹೆದರಿಕೆ ಮೇಲಿನಿಂದ ಒತ್ತಿತು, ನಡುವೆ ಅವನು ಹೇಗೋ ಮೇಲೆ ಬಂದ. ಬಂದವನೇ ಮ್ಯಾಡಮ್ಮಿನ ಬೂಟಿನ ಮುಂದೆ ಕುಕ್ಕರಿಸಿ, ಅವರು ಒಂದು ಮಾತು ಆಡುವ ಮೊದಲೇ ಎಲ್ಲ ಕಕ್ಕಿಬಿಟ್ಟ.

"ತಪ್ಪಾತ್ರಿ! ನನಗ ಡಿಗ್ರಿ ತಿಳೀತಿದ್ದಿಲ್ರಿ. ನಾ ಟೇಪ್ ಹಿಡದ ಹದಿನಾರ ಇಂಚ ಎತ್ತೇನ್ರಿ. ಆ ಹುಡುಗ ತಿಳೀತಲ್ಲ ಅಂದಾಗ ತಿಳೀಲಿಲ್ಲ ಅಂತ ಹೇಳಾಕ ನಾಚಿಕಿ ಆತ್ರಿ. ನನ್ನ ಒಯ್ಯಿರಿ, ಲಾರ್ಯಾಗ ಹಾಕ್ಕೊಂಡ ಒಯ್ಯಿರಿ. ಹಲಗಿ ಬಿಡ್ರಿ. ನನ್ನ ಹೆಂಡತಿ ಮೊಣಕಾಲು ಹೋಗ್ಯಾವ್ರಿ!"

"ಇಂಚ?" ಅಂದರು ಕಸ್ತೂರಿ ಮ್ಯಾಡಮ್. "ಟೇಪ್ ಕೊಡ್ರಿ ಇಲ್ಲಿ."

ಹಲಗೆಯ ಉದ್ದ ಅಳೆದರು. ಐವತ್ತೆಂಟು. ಹಿಂದಿನ ಎತ್ತರ ಅಳೆದರು. ಹದಿನಾರು. ಮೊಬೈಲಿನಲ್ಲಿ ಏನೋ ಒತ್ತಿದರು. ತಮ್ಮ ಬೆಂಕಿಪೆಟ್ಟಿಗೆಯನ್ನು ಮತ್ತೊಮ್ಮೆ ಹಲಗೆಯ ಮೇಲಿಟ್ಟು ನೋಡಿದರು. ಖಡಕ್ ಮ್ಯಾಡಮ್ಮಿನ ತುಟಿಯಲ್ಲಿ ನಗು ಹಾದುಹೋಗಿದ್ದನ್ನು ಸುಭಾನಸಾಬ ನೋಡಲಿಲ್ಲ, ಅವನ ಕಣ್ಣು ಮುಚ್ಚಿದ್ದವು.

"ಐವತ್ತೆಂಟ ಇಂಚಿನ ಹಲಗಿ ಹದಿನಾರ ಇಂಚ ಎತ್ತಿದ್ರ ಹದಿನಾರು ಡಿಗ್ರಿನ ಬರ್ತೈತ್ರಿ. ಈ ಉದ್ದಕ್ಕಷ್ಟ, ಬ್ಯಾರೆ ಉದ್ದಕ್ಕ ಬರೂದಿಲ್ಲ. ಇಡೀ ಓಣ್ಯಾಗ ಸರಿ ಇರೂದು ನಿಮ್ಮದೊಂದ."

ಸುಭಾನಸಾಬನಿಗೆ ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿತು, ನಂಬಿಕೆ ಬರಲಿಲ್ಲ. ಕೋನಮಾಪಕದ ಒಳಗಿನ ಸಾಲು ಓದಿದ್ದರೆ ಈ ಹದಿನಾರು ಅವನಿಗೆ ಭಾನುವಾರವೇ ಕಾಣುತ್ತಿತ್ತು.

"ಆದ್ರ ಏಳು ಮನೀದು ಒಂದ ಕಡತ," ಎಂದು ಮ್ಯಾಡಮ್ ಮುಂದುವರಿಸಿದರು. "ಏಳೂ ಸರಿ ಇದ್ರ ಸಹಿ. ಒಂದ ತಪ್ಪಿದ್ರೂ ಏಳೂ ಲಾರಿಗೆ. ಸಾಹಿಲಗ ಈ ವಾರ ಹೊತ್ತಿಲ್ಲ. ಅಳತಿ ನಾ ಹೇಳ್ತೇನಿ, ಇಂಚಿನ್ಯಾಗ ಹೇಳ್ತೇನಿ, ಕಲ್ಲಪ್ಪನ ತೊಂಬತ್ತ ಇಂಚಿನ ಹಲಗಿಗೆ ಇಪ್ಪತ್ತೈದು. ಟೇಪ್ ಹಿಡಿಯೋ ಕೈ ನಿಮ್ಮದ ಬೇಕು, ಆ ಬೋರಲ ಮಂದೀನ್ನ ನಾ ನಂಬೂದಿಲ್ಲ. ನಾಳೆ ಸಂಜಿಗೆ ಬರ್ತೇನಿ. ಆರು ಮಾಳಗಿ ಹತ್ತತೀರೇನು?"

ಆರು ಮಾಳಿಗೆ. ಸುಭಾನಸಾಬ ಕೆಳಗಿಳಿದು ಬಂದು, ಬಾಗಿಲ ಮೆಟ್ಟಿಲ ಮೇಲೆ ಕೂತು ನೀರು ಕುಡಿದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ಶಹರಬಾನು ಪಕ್ಕದಲ್ಲಿ ಕೂತಳು. "ಹತ್ತಬ್ಯಾಡ್ರಿ," ಅಂದಳು. "ನಿಮಗೇನರ ಆದ್ರ ಮಷೀನ ತಗೊಂಡು ನಾ ಏನ್ ಮಾಡ್ಲಿ? ಕ್ಲಾಸ್ ಬಂದ್ ಆದ್ರ ಆಗವಲ್ದ್ಯಾಕ."

ಅವಳು ಹಾಗಂದದ್ದೇ ತಪ್ಪಾಯಿತು. ಬೈದಿದ್ದರೆ ಅವನು ಮತ್ತೆ ಚಾದರ ಹೊದೆಯುತ್ತಿದ್ದ.

ಆರು ಮಾಳಿಗೆಯ ಕಥೆಯನ್ನು ಓಣಿಯವರು ಹೇಳುವುದೇ ಚಂದ. ಒಂದನೆಯದನ್ನು ಅಳುತ್ತ ಹತ್ತಿದನಂತೆ. ಎರಡನೆಯದನ್ನು ಕಲ್ಲಪ್ಪ ಹಿಂದಿನಿಂದ ಭುಜ ಕೊಟ್ಟು ಏರಿಸಿದನಂತೆ. ಮೂರನೆಯದರಲ್ಲಿ ಒಂದು ಮಂಗ ಪ್ಯಾನೆಲ್ಲಿನ ಮೇಲೆ ಕೂತಿತ್ತು, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಿರುಚಿ ಎರಡು ಮೂಲೆ ಸೇರಿದರಂತೆ. ಮೌಲಾಬಿ ತಸಬಿಯ ಮಣಿಸರ ಹಿಡಿದು ಪ್ರತಿ ಏಣಿಯ ಬುಡದಲ್ಲೂ ದುವಾ ಓದಿದಳು, ನಡುನಡುವೆ, "ಎಡಗಾಲು ಮುಠ್ಠಾಳಾ, ಎಡಗಾಲು!" ಎಂದೂ ಓದಿದಳು. ಸುಭಾನಸಾಬನ ಹೆದರಿಕೆ ಒಂದು ಮೆಟ್ಟಿಲಿನಷ್ಟೂ ಕಡಿಮೆಯಾಗಲಿಲ್ಲ. ಹೆದರುತ್ತಲೇ ಹಲಗೆಗಳ ಮುಖ ಮೇಲೆ ಮಾಡಿಸಿದ, ಹೆದರುತ್ತಲೇ ಮ್ಯಾಡಮ್ ಹೇಳಿದಷ್ಟು ಇಂಚು ಅಳೆದ, ಹೆದರುತ್ತಲೇ ಬೋಲ್ಟು ಬಿಗಿದ.

ಮಂಗಳವಾರ ಸಂಜೆ ಬಿಸಿಲು ಇನ್ನೂ ಇರುವಾಗಲೇ, ಅವನು ಆರನೆಯ ಮಾಳಿಗೆಯ ಮೇಲಿದ್ದಾಗ ಜೀಪು ಬಂತು, ಹಿಂದೆ ಲಾರಿಯೂ ಬಂತು. ಕಸ್ತೂರಿ ಮ್ಯಾಡಮ್ ಒಂದೊಂದಾಗಿ ಏಳೂ ಮಾಳಿಗೆ ನೋಡಿದರು. ಆರನೆಯದಕ್ಕೆ ಬಂದಾಗ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತವನಿಗೆ, "ಶಾಬಾಸ್," ಎಂದು ಇಳಿದು ಹೋದರು. ಓಣಿಯ ನಡುವೆ ಜೀಪಿನ ಬಾನೆಟ್ಟಿನ ಮೇಲೆ ಕಡತವಿಟ್ಟು ಸಹಿ ಹಾಕಿದರು. ಲಾರಿ ಖಾಲಿಯೇ ತಿರುಗಿತು.

ಓಣಿ ಹೋ ಎಂದಿತು. ಏಣಿ ಹಿಡಿದು ನಿಂತಿದ್ದ ಇಂದ್ರವ್ವ ಆ ಸಂಭ್ರಮದಲ್ಲಿ, ಏಣಿ ತಮ್ಮದೇ ಎಂಬ ನೆನಪಾಗಿ, ಅದನ್ನು ಎತ್ತಿಕೊಂಡು ಮನೆಗೆ ನಡೆದಳು. ಹುಡುಗಿಯರು ಕೇಕೆ ಹಾಕುತ್ತ ಪಡಸಾಲೆಗೆ ಓಡಿದರು. ಶಹರಬಾನು ಸೆರಗಿನಿಂದ ಕಣ್ಣೊರೆಸಿಕೊಂಡು ಬಟನ್ನು ಒತ್ತಿದಳು. ಆರು ಮನೆಯ ಮಗ್ಗಗಳೂ ಒಟ್ಟಿಗೇ ಎದ್ದವು.

"ಏಣಿ!" ಎಂದು ಕೂಗಿದ ಸುಭಾನಸಾಬ. "ಯಾರರ ಏಣಿ ಕೊಡ್ರೆಪಾ!"

ಯಾರಿಗೂ ಕೇಳಲಿಲ್ಲ. ಮಗ್ಗಗಳ ಖಟಪಟದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಅವನು ಮಾಳಿಗೆಯ ಮೇಲೆ ಅಂಗಾತ ಮಲಗಿ, ಎರಡೂ ಕೈಯಿಂದ ಪ್ಯಾನೆಲ್ಲಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ಕಿವಿಗೊಟ್ಟ. ಖಟಪಟದ ಒಳಗೆ, ಬಹಳ ದೂರದಲ್ಲಿ, ಸಣ್ಣಗೆ ಒಂದು ಗುರ್ರೆನ್ನುವ ಸದ್ದಿತ್ತು. ಮೂವತ್ತು ವರ್ಷ ಮಷೀನಿನ ಮುಂದೆ ಕೂತವನ ಕಿವಿ ಅದನ್ನು ಬಿಡಿಬಿಡಿಯಾಗಿ ಗುರುತಿಸಿತು. ಒಂದು. ಎರಡು. ಮೂರು. ಸ್ವಲ್ಪ ತಡವಾಗಿ ನಾಲ್ಕನೆಯದೂ ಸೇರಿತು.

ನಾಲ್ಕೂ ನಡೆದಿದ್ದವು. ಸುಭಾನಸಾಬ ಇನ್ನೊಂದು ಸಲ ಏಣಿ ಎಂದು ಕೂಗಿದ, ಆದರೆ ಈ ಸಲ ಸ್ವಲ್ಪ ಮೆಲ್ಲಗೆ ಕೂಗಿದ.